ಉಳಿದದ್ದು, ಇಳಿದದ್ದು

ನಾನು ಕೆಲಸ ಮಾಡೋ ಲ್ಯಾಬಿನ ಬೆಂಚಿನ ಮೇಲೆ ಒಂದು ಪುಟ್ಟ ಮಿಷಿನ್ ಇದೆ. ಅಡುಗೆಮನೆ ಕಟ್ಟೆ ಮೇಲೆ ಮಿಕ್ಸಿ ಪಕ್ಕದಲ್ಲಿ ಇಟ್ಟರೂ ಹಿಡಿಸುತ್ತೆ, ಅಷ್ಟೇ ಗಾತ್ರ. ಒಂದು ಪಂಪು, ಪ್ರೆಷರ್ ಗೇಜುಗಳು, ಮೂರು ಟ್ಯೂಬು, ಎರಡು ಸ್ಟೀಲ್ ತಟ್ಟೆಗಳ ನಡುವೆ ಪುಸ್ತಕದ ಹಾಗೆ ಸಿಕ್ಕಿಸಿರುವ ಒಂದು ಕ್ಯಾಸೆಟ್. ಇದನ್ನ ಬೆಂಚ್‌ಟಾಪ್ ಅಲ್ಟ್ರಾಫಿಲ್ಟ್ರೇಷನ್ ಸಿಸ್ಟಮ್ ಅಂತಾರೆ. ನಾವು ಚಿಕ್ಕದಾಗಿ ಯುಎಫ್ ಅಂತೀವಿ. ಹತ್ತು ಲೀಟರ್ ನೀರಿನಲ್ಲಿ ಕರಗಿರೋ ಹತ್ತು ಗ್ರಾಂ ಪ್ರೋಟೀನನ್ನ ಅರ್ಧ ಲೀಟರಿಗೆ ತಂದು, ಅದರ ಜೊತೆಗಿರೋ ಉಪ್ಪು, ಸಣ್ಣಪುಟ್ಟ ಕಸ ಎಲ್ಲ ತೆಗೆದು ಕೊಡೋದು ಇದರ ಕೆಲಸ. ಬಿಸಿ ಮಾಡಿ ಇಂಗಿಸಿದರೆ ಪ್ರೋಟೀನು ಬೇಯಿಸಿದ ಮೊಟ್ಟೆ ಥರ ಕೆಟ್ಟುಹೋಗುತ್ತೆ, ಅದಕ್ಕೇ ಈ ಉಪಾಯ.

ಈ ಮಿಷಿನ್ ಜೊತೆ ಏಳು ವರ್ಷ ಕಳೆದ ಮೇಲೆ ನನಗೊಂದು ಪ್ರಶ್ನೆ ಅಂಟಿಕೊಂಡಿದೆ. ಶುದ್ಧ ಮಾಡೋದು ಅಂದ್ರೆ ನಿಜವಾಗಿ ಏನು ಮಾಡೋದು? ಕೊಳೆಯನ್ನ ಇಲ್ಲವಾಗಿಸೋದಾ, ಅಥವಾ ಇನ್ನೊಬ್ಬರ ಪಾಲಿಗೆ ಇಳಿಸೋದಾ? ಇಳಿಸೋದೇ ಆದರೆ, ಆ ಇನ್ನೊಬ್ಬರ ಜೊತೆ ನಾವು ಹೇಗೆ ನಡ್ಕೋಬೇಕು?

ಮೊದಲು ಮಿಷಿನ್ ಕೆಲಸ ಮಾಡೋ ರೀತಿ ಹೇಳ್ತೀನಿ. ಟೀ ಸೋಸೋವಾಗ ನೀವು ನೇರವಾಗಿ ಜರಡಿ ಮೇಲೆ ಸುರೀತೀರಿ. ಸೊಪ್ಪು ಮೇಲೆ ಕೂತು, ಸ್ವಲ್ಪ ಹೊತ್ತಿಗೆ ದಾರಿ ಮುಚ್ಚಿಕೊಳ್ಳುತ್ತೆ. ಆಗ ಚಮಚದಲ್ಲಿ ಕೆದಕ್ತೀರಿ. ಪ್ರೋಟೀನು ಇನ್ನೂ ಸೂಕ್ಷ್ಮ, ಅದರ ಜರಡಿಯ ತೂತುಗಳು ಇನ್ನೂ ಸಣ್ಣವು, ಅಲ್ಲಿ ಚಮಚ ಆಡಲ್ಲ. ಅದಕ್ಕೇ ಇಲ್ಲಿ ದ್ರವ ಪೊರೆಯ ಮೇಲೆ ನೇರ ಬೀಳದೆ, ಅದನ್ನ ಸವರಿಕೊಂಡು ಪಕ್ಕಕ್ಕೆ ಹರಿಯುತ್ತೆ. ಹರಿಯೋವಾಗ ಸಣ್ಣ ಅಣುಗಳು ತೂತಿನಲ್ಲಿ ಕೆಳಗಿಳೀತವೆ, ದೊಡ್ಡವು ಸುತ್ತಿ ಬಂದು ಅದೇ ಬಾಟಲಿಗೆ ಬೀಳ್ತವೆ. ಹೀಗೆ ನೂರಾರು ಸುತ್ತು. ಉಳಿದದ್ದಕ್ಕೆ ರಿಟೆಂಟೇಟ್, ಇಳಿದದ್ದಕ್ಕೆ ಪರ್ಮಿಯೇಟ್ ಅಂತ ಹೆಸರು. ನಾನು ಮನಸ್ಸಿನಲ್ಲಿ ಉಳಿದದ್ದು, ಇಳಿದದ್ದು ಅಂತಲೇ ಅಂದುಕೊಳ್ಳೋದು.

ಹೊಸಬರು ಸೇರಿದಾಗ ಮಾಡೋ ಮೊದಲ ಕೆಲಸ ಏನು ಗೊತ್ತಾ? ಬೇಗ ಮುಗಿಸೋಣ ಅಂತ ಪ್ರೆಷರ್ ಜಾಸ್ತಿ ಮಾಡ್ತಾರೆ. ಸ್ವಲ್ಪ ದೂರ ಅದು ನಡೆಯುತ್ತೆ. ಆಮೇಲೆ ಎಷ್ಟು ಒತ್ತಿದರೂ ಇಳಿಯೋ ವೇಗ ಹೆಚ್ಚಲ್ಲ, ಯಾಕಂದ್ರೆ ಒತ್ತಡಕ್ಕೆ ಪ್ರೋಟೀನೆಲ್ಲ ಪೊರೆಯ ಮೇಲೆ ಅಂಟಿನ ಪದರ ಕಟ್ಟಿ ಅದೇ ಎರಡನೇ ಗೋಡೆ ಆಗುತ್ತೆ. ಬೆಳಿಗ್ಗೆ ಒಂಬತ್ತಕ್ಕೆ ಮೆಜೆಸ್ಟಿಕ್ ಮೆಟ್ರೋದಲ್ಲಿ ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಇಳಿಯೋ ಎಸ್ಕಲೇಟರ್ ಬುಡದಲ್ಲಿ ನಿಂತವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಕೆಂಗೇರಿಯಿಂದ ಪೀಣ್ಯಕ್ಕೆ ಹೋಗಿಬರೋ ನಾನು ದಿನಾ ಆ ಪ್ರಯೋಗದ ಒಳಗೇ ಇರ್ತೀನಿ.

ಈಗ ಮುಖ್ಯ ವಿಷಯ. ಉಳಿದದ್ದು, ಇಳಿದದ್ದು ಇವೆರಡರಲ್ಲಿ ಕಸ ಯಾವುದು? ಪೊರೆಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಗಾತ್ರ ಒಂದೇ. ಔಷಧಿ ಪ್ರೋಟೀನ್ ಮಾಡೋವಾಗ ನಮಗೆ ಉಳಿದದ್ದು ಬೇಕು, ಇಳಿದದ್ದು ಡ್ರೈನಿಗೆ. ವಿಜಯನಗರದ ಮನೆಗಳ ಗೋಡೆಗೆ ನೇತುಹಾಕಿರೋ ಆರ್‌ಒ ಫಿಲ್ಟರಿನಲ್ಲಿ ಇಳಿದದ್ದು ಬೇಕು, ಉಳಿದದ್ದು ಸಿಂಕಿಗೆ. ತತ್ವ ಹೆಚ್ಚೂಕಡಿಮೆ ಒಂದೇ, ಬೇಕು–ಬೇಡ ಮಾತ್ರ ಅದಲುಬದಲು. ಅನ್ನ ಬಸಿಯೋವಾಗ ಗಂಜಿ ಕಸವೋ ಊಟವೋ ಅನ್ನೋದು ಆ ಮನೆಯ ಹಸಿವಿನ ಮೇಲೆ ನಿಂತಿದ್ದ ಹಾಗೆ.

ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಜಿಮ್ಮಿನಲ್ಲಿದೆ. ಚೀಸ್ ಮಾಡೋವಾಗ ಹಾಲು ಒಡೆದು ಗಟ್ಟಿಯಾದ ಮೇಲೆ ಉಳಿಯೋ ತಿಳಿನೀರು, ಅಂದ್ರೆ ವ್ಹೇ, ಯೂರೋಪು ಅಮೆರಿಕಾಗಳಲ್ಲಿ ಬಹಳ ಕಾಲ ದೊಡ್ಡ ತಲೆನೋವಾಗಿತ್ತು. ಹೊಲಕ್ಕೆ ಬಿಡೋರು, ಹಂದಿಗೆ ಹಾಕೋರು, ಹಳ್ಳಕ್ಕೆ ಸುರಿದು ಮೀನು ಸಾಯಿಸೋರು. 1970ರ ದಶಕದಲ್ಲಿ ಡೇರಿಗಳಿಗೆ ಅಲ್ಟ್ರಾಫಿಲ್ಟ್ರೇಷನ್ ಬಂತು. ಆ ತಿಳಿನೀರನ್ನ ಇದೇ ಥರದ ಪೊರೆಯ ಮೇಲೆ ಹರಿಸಿದಾಗ ಪ್ರೋಟೀನು ಮೇಲೆ ಉಳೀತು, ಲ್ಯಾಕ್ಟೋಸು ಕೆಳಗೆ ಇಳೀತು. ಇವತ್ತು ನಮ್ಮ ಅಪಾರ್ಟ್‌ಮೆಂಟಿನ ಹುಡುಗರು ಸಾವಿರಾರು ರೂಪಾಯಿ ಕೊಟ್ಟು ತರೋ ಕರಿ ಡಬ್ಬದಲ್ಲಿ ಇರೋದು ಅದೇ. ಒಂದು ಕಾಲದ ಹಳ್ಳದ ಕೊಳೆ ಈಗ ಶೇಕರಿನಲ್ಲಿ ಕುಲುಕ್ತಾ ಇದೆ. ಅಣು ಅದೇ ಅಣು. ಅದರ ಅಂತಸ್ತು ಬದಲಾಯ್ತು.

ಇನ್ನು 'ಪೂರ್ತಿ ಶುದ್ಧ' ಅನ್ನೋ ಮಾತು. ಉಪ್ಪು ತೆಗೆಯೋಕೆ ನಾವು ಒಂದು ಕಡೆ ಹೊಸ ಬಫರ್ ದ್ರಾವಣ ಸೇರಿಸ್ತಾ, ಇನ್ನೊಂದು ಕಡೆ ಹಳೇದನ್ನ ಇಳಿಸ್ತಾ ಹೋಗ್ತೀವಿ. ಬಾಟಲಿಯಲ್ಲಿ ಇರೋದರ ಐದು ಪಟ್ಟು ತೊಳೆದರೆ ಹಳೆ ಉಪ್ಪು ಸುಮಾರು 0.7% ಉಳಿಯುತ್ತೆ. ಏಳು ಪಟ್ಟಿಗೆ 0.09%. ಹತ್ತು ಪಟ್ಟಿಗೆ 0.005%ಗಿಂತ ಕಡಿಮೆ. ಸೊನ್ನೆ ಯಾವತ್ತೂ ಬರಲ್ಲ, ಲೆಕ್ಕದ ಸ್ವಭಾವವೇ ಹಾಗೆ. ಎಲ್ಲೋ ಒಂದು ಕಡೆ ಮನುಷ್ಯ 'ಸಾಕು' ಅನ್ನಬೇಕು. ಆ 'ಸಾಕು' ಎಲ್ಲಿ ಅನ್ನೋದನ್ನ ರೋಗಿಯ ಸುರಕ್ಷತೆ ನೋಡಿ, ಪರೀಕ್ಷೆ ಮಾಡಿ, ಬರೆದು, ಸಹಿ ಹಾಕಿ ನಿರ್ಧರಿಸ್ತೀವಿ. ಪೊರೆಯ ಮೇಲೆ ಬರೆದಿರೋ '30 ಕಿಲೋಡಾಲ್ಟನ್' ಅನ್ನೋ ಗಡಿ ಕೂಡ ಖಡಾಖಂಡಿತ ಅಲ್ಲ. ಆ ಗಾತ್ರದ ಅಣುಗಳಲ್ಲಿ ನೂರಕ್ಕೆ ತೊಂಬತ್ತನ್ನ ತಡೆದರೆ ಆ ಹೆಸರು ಕೊಡೋದು ರೂಢಿ. ಮಿಕ್ಕ ಹತ್ತು ನುಸುಳಿ ಹೋಗ್ತವೆ. ದುಂಡಗಿರೋದು ನಿಲ್ಲುತ್ತೆ, ಅದೇ ತೂಕದ ಉದ್ದನೆಯದು ಹಾವಿನ ಹಾಗೆ ಜಾರುತ್ತೆ. ರೆಸ್ಯೂಮೆಗಳನ್ನ ಶೇಕಡಾ ಅಂಕದ ಮೇಲೆ ಜರಡಿ ಹಿಡಿಯೋ ಎಚ್‌ಆರ್ ಗೆಳೆಯರು ಈ ಸಾಲನ್ನ ಎರಡು ಸಲ ಓದಿದರೆ ಸಂತೋಷ.

ಶುದ್ಧಿ ಅನ್ನೋದನ್ನೇ ಗೇಲಿ ಮಾಡೋದು ನನ್ನ ಉದ್ದೇಶ ಅಲ್ಲ. ನಮ್ಮ ದೊಡ್ಡಪ್ಪ ರಾಜಾಜಿನಗರದ ಒಂದು ಆಸ್ಪತ್ರೆಯಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗ್ತಿದ್ರು. ಆ ಮಿಷಿನ್ ಪರದೆ ಮೇಲೂ ಯುಎಫ್ ಅಂತಲೇ ಇರುತ್ತೆ, ಇವತ್ತು ಮೈಯಿಂದ ಇಷ್ಟು ಲೀಟರ್ ನೀರು ಇಳಿಸಬೇಕು ಅಂತ. ಆರೋಗ್ಯವಂತ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಅದರಲ್ಲಿ ಒಂದೂವರೆ ಲೀಟರ್‌ನಷ್ಟು ಹೊರಗೆ ಬಿಟ್ಟು, ಮಿಕ್ಕಿದ್ದನ್ನ ವಾಪಸ್ ತಗೊಳ್ತವೆ. ಸಣ್ಣದನ್ನೆಲ್ಲ ಮೊದಲು ಹೊರಗೆ ಹಾಕಿ, ಆಮೇಲೆ ಬೇಕಾದ್ದನ್ನ ಒಂದೊಂದೇ ಒಳಗೆ ಕರೆಯೋ ಈ ಔದಾರ್ಯ ನಮ್ಮ ಯಾವ ಮಿಷಿನ್ನಿಗೂ ಬಂದಿಲ್ಲ. ಆ ಕೆಲಸ ನಿಂತರೆ ಮನುಷ್ಯ ನಿಲ್ಲಲ್ಲ. 1943ರಲ್ಲಿ, ಯುದ್ಧದ ಮಧ್ಯೆ, ನೆದರ್‌ಲೆಂಡ್ಸಿನಲ್ಲಿ ವಿಲ್ಲೆಮ್ ಕೋಲ್ಫ್ ಅನ್ನೋ ವೈದ್ಯ ಸಾಸೇಜ್ ಸುತ್ತೋ ಸೆಲ್ಲೋಫೇನ್ ಕೊಳವೆಯನ್ನ ಡ್ರಮ್ಮಿಗೆ ಸುತ್ತಿ ಮೊದಲ ಕೃತಕ ಮೂತ್ರಪಿಂಡ ಮಾಡಿದ. ದೊಡ್ಡಪ್ಪ ಆರು ವರ್ಷ ಜಾಸ್ತಿ ಬದುಕಿದ್ದು ಆ ಕೊಳವೆಯ ಮೊಮ್ಮಕ್ಕಳಿಂದ. ಹಾಗಾಗಿ ಶುದ್ಧಿ ಅಂದ್ರೆ ಬರೀ ಅಹಂಕಾರ ಅನ್ನೋರ ಜೊತೆ ನನಗೆ ಮಾತಿಲ್ಲ.

ಆದರೆ ಅದೇ ರಾಜಾಜಿನಗರದ ನಮ್ಮ ಹಳೇ ಮನೆಯಲ್ಲಿ ಇನ್ನೊಂದು ಫಿಲ್ಟರ್ ಇತ್ತು. ಕಾವೇರಿ ನೀರು ಬಿಡೋ ಹೊತ್ತಿಗೆ ಅಜ್ಜಿ ನಲ್ಲಿ ಬಾಯಿಗೆ ಬಿಳಿ ಪಂಚೆ ಬಟ್ಟೆ ಕಟ್ಟೋರು. ನೀರು ಕೊಡಕ್ಕೆ ಇಳೀತಿತ್ತು, ತುಕ್ಕು, ಮರಳು ಬಟ್ಟೆಯಲ್ಲಿ ಉಳೀತಿತ್ತು. ಎರಡು ದಿನಕ್ಕೆ ಬಟ್ಟೆ ಇಟ್ಟಿಗೆ ಬಣ್ಣ. ಅದನ್ನ ಒಗೆಯೋ ಕಲ್ಲಿನ ಮೇಲೆ ಹಾಕಿ ಉಜ್ಜಿ ಬೆಳ್ಳಗೆ ಮಾಡ್ತಿದ್ದದ್ದು ಮನೆಕೆಲಸಕ್ಕೆ ಬರ್ತಿದ್ದ ಅಮ್ಮ. ಅವರು ಕೊಡ ಮುಟ್ಟೋ ಹಾಗಿರಲಿಲ್ಲ. ಮುಟ್ಟಿದರೆ ನೀರು ಮೈಲಿಗೆ. ನೀರನ್ನ ಶುದ್ಧವಾಗಿಟ್ಟಿದ್ದ ಬಟ್ಟೆಯನ್ನ ಶುದ್ಧವಾಗಿಟ್ಟವರೇ ಅವರು! ಲ್ಯಾಬಿನ ಭಾಷೆಯಲ್ಲಿ ಹೇಳೋದಾದ್ರೆ, ಇಡೀ ಸಿಸ್ಟಮ್ಮಿನಲ್ಲಿ ಪೊರೆ ಕ್ಲೀನ್ ಮಾಡೋ ಹಂತ ಇಲ್ಲದಿದ್ದರೆ ಮೂರನೇ ದಿನ ಎಲ್ಲ ನಿಂತುಹೋಗುತ್ತೆ. ನಾವು ಪ್ರತಿ ರನ್ ಆದಮೇಲೆ ಕಾಸ್ಟಿಕ್ ಸೋಡಾ ಹರಿಸಿ, ತೊಳೆದು, ನೀರು ಎಷ್ಟು ಸಲೀಸಾಗಿ ಇಳಿಯುತ್ತೆ ಅಂತ ಅಳೆದು ಬರೆದಿಡ್ತೀವಿ. ಆ ಅಳತೆ ಸರಿಯಿಲ್ಲದಿದ್ದರೆ ಮುಂದಿನ ರನ್ ಇಲ್ಲ. ಅಜ್ಜಿ ಮನೆಯಲ್ಲಿ ಅತಿ ಮುಖ್ಯ ಹಂತ ಮಾಡ್ತಿದ್ದವರ ಹೆಸರೂ ಲೆಕ್ಕದಲ್ಲಿ ಇರಲಿಲ್ಲ. 'ಕೆಲಸದವಳು' ಅಷ್ಟೇ.

ಲೆಕ್ಕ ಅಂದೆ. ನಮ್ಮಲ್ಲಿ ಮಾಸ್ ಬ್ಯಾಲೆನ್ಸ್ ಅಂತ ಒಂದು ಶಿಸ್ತು ಇದೆ. ಒಳಗೆ ಹೋದದ್ದು ಹತ್ತು ಗ್ರಾಂ. ಬಾಟಲಿಯಲ್ಲಿ ಸಿಕ್ಕಿದ್ದು 9.4. ಟ್ಯೂಬು ತೊಳೆದಾಗ ಬಂದದ್ದು 0.3. ಇಳಿದ ನೀರಿನಲ್ಲಿ ನುಸುಳಿದ್ದು 0.05. ಕಾಲು ಗ್ರಾಂ ಲೆಕ್ಕ ತಪ್ಪಿತು. ಮ್ಯಾನೇಜರ್ ಕೇಳ್ತಾರೆ, "ಮಿಕ್ಕಿದ್ದು ಎಲ್ಲೋಯ್ತು?" ಪೊರೆಗೆ ಅಂಟಿದೆ ಅಂತ ತೋರಿಸೋವರೆಗೂ ಬಿಡಲ್ಲ. ಒಳ್ಳೆ ಶಿಸ್ತು. ಆದರೆ ಅದೇ ಹಾಳೆಯಲ್ಲಿ, ಆ ಹತ್ತು ಗ್ರಾಂಗೋಸ್ಕರ ಕೆಳಗಿಳಿದ ಹದಿಮೂರು ಲೀಟರ್ ಬಗ್ಗೆ ಒಂದೇ ಸಾಲು ಇರುತ್ತೆ: 'ಡ್ರೈನ್'. ಅದು ಕಂಪನಿಯ ಸಂಸ್ಕರಣಾ ಘಟಕಕ್ಕೆ ಹೋಗುತ್ತೆ, ನಿಯಮಬದ್ಧವಾಗಿಯೇ ಹೋಗುತ್ತೆ. ನಾನು ಹೇಳ್ತಿರೋದು ಬೇರೆ. ನಮಗೆ ಪ್ರೀತಿ ಇರೋದರ ಲೆಕ್ಕ ಮಿಲಿಗ್ರಾಂವರೆಗೆ, ಪ್ರೀತಿ ಇಲ್ಲದ್ದರ ಲೆಕ್ಕ ಒಂದು ಪದದಲ್ಲಿ.

ಊರಿನ ಮಟ್ಟದಲ್ಲಿ ಈ ಒಂದು ಪದದ ಹೆಸರು ವೃಷಭಾವತಿ. ಮೈಸೂರು ರಸ್ತೆ ಸ್ಟೇಷನ್ ದಾಟಿ ಕೆಂಗೇರಿ ಕಡೆ ಹೋಗೋವಾಗ ಮೆಟ್ರೋ ಕಿಟಕಿಯಿಂದ ಒಮ್ಮೆ ತಲೆ ತಗ್ಗಿಸಿ ನೋಡಿ. ಬೂದು ಬಣ್ಣದ, ನೊರೆ ಹೊತ್ತ ನೀರು. ರಾಜಾಜಿನಗರ, ವಿಜಯನಗರ ಕಡೆಯ ಮೋರಿಗಳು ಅದರ ಪಾಲಿನ ಉಪನದಿಗಳು. ಅದು ಬಿಡದಿ ಹತ್ತಿರ ಬೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ ಹೋಗುತ್ತೆ. ನಮ್ಮ ಕುಡಿಯೋ ನೀರು ಅದೇ ಕಾವೇರಿಯದು, ಆದರೆ ಸಂಗಮಕ್ಕಿಂತ ಮೇಲಿಂದ ಎತ್ತಿದ್ದು, ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ ಸುಮಾರು ನೂರು ಕಿಲೋಮೀಟರ್ ಪಂಪು ಮಾಡಿದ್ದು. 2024ರ ಅಕ್ಟೋಬರಿನಲ್ಲಿ ಶುರುವಾದ ಐದನೇ ಹಂತ ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ. ಮೇಲಿಂದ ತಗೊಳ್ತೀವಿ, ಕೆಳಗೆ ಬಿಡ್ತೀವಿ. ಬೈರಮಂಗಲದ ಸುತ್ತ ಅದೇ ನೀರಲ್ಲಿ ವ್ಯವಸಾಯ ಮಾಡೋರು ನಮ್ಮ ಊರಿನ ಒಗೆಯೋ ಕಲ್ಲಿನ ಪಕ್ಕ ನಿಂತವರು.

ಇಷ್ಟು ದೊಡ್ಡದಾಗಿ ಮಾತಾಡೋದು ಸುಲಭ. ನದಿ ಬಗ್ಗೆ ಬೇಜಾರು ಮಾಡ್ಕೊಂಡು ಸ್ಟೇಟಸ್ ಹಾಕಿದರೆ ಯಾರಿಗೂ ಏನೂ ಖರ್ಚಾಗಲ್ಲ. ನನಗೆ ಈ ಪ್ರಶ್ನೆ ನಿಜವಾಗಿ ಚುಚ್ಚಿದ್ದು ಲಿಫ್ಟ್ ವಿಷಯದಲ್ಲಿ.

ನಾವಿರೋದು ಕೆಂಗೇರಿ ಕಡೆಯ ಒಂದು ಹದಿನಾಲ್ಕು ಮಹಡಿ ಅಪಾರ್ಟ್‌ಮೆಂಟಿನಲ್ಲಿ. ಬೆಂಗಳೂರಿನ ಇಂಥ ಕಟ್ಟಡಗಳ ಹಾಗೆ ಇಲ್ಲೂ ಎರಡನೇ ಬೇಸ್‌ಮೆಂಟಿನಲ್ಲಿ ಎಸ್‌ಟಿಪಿ ಇದೆ. ಒಂದು ಭಾನುವಾರ ಕುತೂಹಲಕ್ಕೆ ಇಳಿದು ಹೋದೆ. ಗಾಳಿ ಊದೋ ಟ್ಯಾಂಕು, ಮರಳಿನ ಫಿಲ್ಟರು, ಇದ್ದಿಲಿನ ಫಿಲ್ಟರು, ಅದರ ಕೊನೆಗೆ ಸಾಲಾಗಿ ನಿಂತ ಬಿಳಿ ಕೊಳವೆಗಳು. ಮೇಲೆ ದಪ್ಪ ಅಕ್ಷರದಲ್ಲಿ ಯುಎಫ್! ಒಳಗೆ ನಮ್ಮ ಲ್ಯಾಬಿನದೇ ಜಾತಿಯ ಪೊರೆ, ಶಾವಿಗೆಯಂಥ ಟೊಳ್ಳು ನಾರುಗಳ ಕಟ್ಟು. ನಾವೆಲ್ಲ ಫ್ಲಶ್ ಮಾಡೋ ನೀರು ಅದರಿಂದ ಇಳಿದು ಬಂದದ್ದು.

ಅದನ್ನ ನೋಡ್ಕೊಳ್ಳೋ ಅಣ್ಣ ರಾಯಚೂರು ಕಡೆಯವರು. ನಾನು ಬ್ಯಾಕ್‌ವಾಶ್ ಎಷ್ಟು ಹೊತ್ತಿಗೊಮ್ಮೆ ಅಂತ ಕೇಳಿದ್ದಕ್ಕೆ ಅವರಿಗೆ ಆಶ್ಚರ್ಯ. ನಮ್ಮ ಲ್ಯಾಬಿನಲ್ಲೂ ಇಂಥದ್ದೇ ಇದೆ ಅಂದೆ. ನಕ್ಕರು. "ಹಂಗಂದ್ರ ನಿಮ್ದೂ ಯುಎಫ್, ನಮ್ದೂ ಯುಎಫ್ ಅನ್ರಿ ಮೇಡಂ. ನಿಮ್ದಕ್ಕ ಎಸಿ ಐತಿ, ಅಷ್ಟ." ಆಮೇಲೆ ಗೇಜು ತೋರಿಸಿ, ಯಾವ ಪ್ರೆಷರಿಗೆ ನಾರು ಕಟ್ಟಿಕೊಳ್ಳುತ್ತೆ, ಹಬ್ಬದ ದಿನ ಅಡುಗೆ ಎಣ್ಣೆ ಬಂದಾಗ ಏನಾಗುತ್ತೆ, ಅಂತೆಲ್ಲ ಹೇಳಿದರು. ನಮ್ಮಲ್ಲಿ ಮೂರು ವರ್ಷ ಅನುಭವ ಇರೋ ಎಂಎಸ್‌ಸಿ ಹುಡುಗರಿಗೆ ಇಷ್ಟು ಕೈಹಿಡಿತ ಇರಲ್ಲ.

ಅವರು ದಿನಕ್ಕೆರಡು ಸಲ ಟೆರೇಸಿಗೆ ಹೋಗಬೇಕು, ಫ್ಲಶ್ ಟ್ಯಾಂಕಿನ ಮಟ್ಟ ನೋಡೋಕೆ. ಕಳೆದ ವರ್ಷ ಲಿಫ್ಟಿನಲ್ಲಿ ಒಂದು ನೋಟಿಸ್ ಬಂತು: ಎಸ್‌ಟಿಪಿ ಮತ್ತು ಹೌಸ್‌ಕೀಪಿಂಗ್ ಸಿಬ್ಬಂದಿ ಸರ್ವಿಸ್ ಲಿಫ್ಟ್ ಮಾತ್ರ ಬಳಸತಕ್ಕದ್ದು. ಸರ್ವಿಸ್ ಲಿಫ್ಟ್ ತಿಂಗಳಲ್ಲಿ ಹತ್ತು ದಿನ ಕೆಟ್ಟಿರುತ್ತೆ. ಆಗ ಅವರು ಹದಿನಾಲ್ಕು ಮಹಡಿ ಹತ್ತಿ ಇಳೀತಾರೆ.

ವಾಟ್ಸಾಪ್ ಗ್ರೂಪಿನಲ್ಲಿ ನಾನು ಇದನ್ನ ಎತ್ತಿದೆ. ಬಂದ ಉತ್ತರಗಳಲ್ಲಿ ಕೆಟ್ಟವೂ ಇದ್ದವು, ಅವನ್ನ ಬಿಡೋಣ. ಒಂದು ಉತ್ತರ ಮಾತ್ರ ಗಟ್ಟಿಯಾಗಿತ್ತು. ಒಂಬತ್ತನೇ ಮಹಡಿಯವರೊಬ್ಬರು ಬರೆದರು: "ನಮ್ಮ ಮನೇಲಿ ಕಿಡ್ನಿ ಕಸಿ ಆದವರಿದ್ದಾರೆ. ಇದು ಜಾತಿ ವಿಷಯ ಅಲ್ಲ ಮೇಡಂ, ಇನ್ಫೆಕ್ಷನ್ ವಿಷಯ. ನೀವೇ ಬಯೋಟೆಕ್‌ನವರು, ನಿಮಗೆ ಗೊತ್ತಿರಬೇಕು." ದೊಡ್ಡಪ್ಪನನ್ನ ನೋಡಿದ ನನಗೆ ಈ ಮಾತನ್ನ ತಳ್ಳಿಹಾಕೋಕೆ ಆಗಲಿಲ್ಲ. ಚರಂಡಿ ನೀರಿನಲ್ಲಿ ಕೈಯಾಡಿಸಿದವರ ಬಟ್ಟೆಯ ಮೇಲೆ ರೋಗಾಣು ಇರಬಹುದು. ಇದು ಸತ್ಯ. ಹಾಗಾದ್ರೆ ನೋಟಿಸ್ ಸರಿಯೇ?

ಎರಡು ದಿನ ಯೋಚನೆ ಮಾಡಿದೆ. ಉತ್ತರ ಸಿಕ್ಕಿದ್ದು ನಮ್ಮ ಕ್ಲೀನ್‌ರೂಮಿನ ಬಟ್ಟೆ ಬದಲಿಸೋ ಕೋಣೆಯಲ್ಲಿ. ಅಲ್ಲಿ ಕೊಳೆ ಅಂದ್ರೆ ಯಾರು ಗೊತ್ತಾ? ನಾವು. ಪಿಎಚ್‌ಡಿ ಆದವರು, ಬೆಳಿಗ್ಗೆ ಸ್ನಾನ ಮಾಡಿ ಬಂದವರು, ದೇವರ ಪೂಜೆ ಮಾಡಿ ಬಂದವರು. ನಮ್ಮ ಕೂದಲು, ಚರ್ಮದ ಹೊಟ್ಟು, ಉಸಿರು ಎಲ್ಲ ಅಲ್ಲಿ ಕಲ್ಮಶ. ಮೈತುಂಬ ಮುಚ್ಚೋ ಆ ಬಿಳಿ ದಿರಿಸು ಮುಖ್ಯವಾಗಿ ಇರೋದು ನಮ್ಮಿಂದ ಔಷಧಿಯನ್ನ ಕಾಪಾಡೋಕೆ. ಏಳು ವರ್ಷದಲ್ಲಿ ಒಬ್ಬರಿಗೂ ಇದರಿಂದ ಅವಮಾನ ಆದದ್ದು ನಾನು ನೋಡಿಲ್ಲ. ಯಾಕೆ? ಆ ನಿಯಮ ಎಂಡಿಗೂ ಇದೆ, ನೆಲ ಒರೆಸೋರಿಗೂ ಇದೆ. ಮತ್ತೆ, ತೊಳೆದುಕೊಂಡರೆ, ಬಟ್ಟೆ ಬದಲಿಸಿದರೆ, ಬಾಗಿಲು ತೆರೆಯುತ್ತೆ.

ಅಜ್ಜಿಯ ಮಡಿಯಲ್ಲಿ ಹಾಗಿರಲಿಲ್ಲ. ಆ ಅಮ್ಮ ದಿನವಿಡೀ ಸೋಪಿನ ನೀರಿನಲ್ಲೇ ಕೈ ಇಟ್ಟಿರೋರು, ಮನೆಯಲ್ಲಿ ಎಲ್ಲರಿಗಿಂತ ಸ್ವಚ್ಛ ಕೈ ಅವರದೇ ಇತ್ತೇನೋ. ಆದರೂ ಎಷ್ಟು ತೊಳೆದರೂ ಅವರಿಗೆ ಕೊಡದ ಹತ್ತಿರ ದಾರಿ ಇರಲಿಲ್ಲ. ಅವರ ಕೊಳೆಯನ್ನ ಕೈಯಲ್ಲಿ ಅಲ್ಲ, ಹುಟ್ಟಿನಲ್ಲಿ ಹುಡುಕಿದ್ದರು. ಹುಟ್ಟಿಗೆ ಹಾಕೋ ಸೋಪು ರಾಜಾಜಿನಗರದ ಸ್ಯಾಂಡಲ್ ಸೋಪ್ ಫ್ಯಾಕ್ಟರಿಯಲ್ಲೂ ತಯಾರಾಗಲ್ಲ.

ಹೀಗಾಗಿ ನನ್ನ ಪರೀಕ್ಷೆ ಇಷ್ಟು. ಯಾರಾದರೂ ಸ್ವಚ್ಛತೆಯ ಹೆಸರಲ್ಲಿ ಒಬ್ಬರನ್ನ ದೂರ ಇಟ್ಟಾಗ ಕೇಳಬೇಕು: ತೊಳೆದರೆ ಹೋಗುತ್ತಾ? ತೊಳೆಯೋಕೆ ಜಾಗ ಕೊಟ್ಟಿದ್ದೀರಾ? ಇದೇ ಕೊಳೆ ನಿಮ್ಮ ಮೈಮೇಲಿದ್ದರೆ ನಿಮಗೂ ಇದೇ ನಿಯಮವಾ? ಮೂರಕ್ಕೂ ಹೌದು ಅಂದ್ರೆ ಅದು ನೈರ್ಮಲ್ಯ, ನಾನು ತಲೆಬಾಗ್ತೀನಿ. ಒಂದಕ್ಕೆ ಇಲ್ಲ ಅಂದ್ರೂ ಅದು ಹಳೇ ಮೈಲಿಗೆ, ಸ್ಯಾನಿಟೈಸರ್ ಹಚ್ಚಿಕೊಂಡು ಬಂದಿದೆ. ಒಂಬತ್ತನೇ ಮಹಡಿಯವರಿಗೆ ನಿಜವಾಗಿ ಇನ್ಫೆಕ್ಷನ್ ಭಯ ಇದ್ದಿದ್ದರೆ ಮೊದಲು ಕೇಳಬೇಕಾದ್ದು ಬೇಸ್‌ಮೆಂಟಿನಲ್ಲಿ ಸ್ನಾನದ ಮನೆ ಇದೆಯಾ ಅಂತ. ಇರಲಿಲ್ಲ. ಒಂದು ನಲ್ಲಿ, ಅದರ ಕೆಳಗೆ ಒಂದು ಬಕೆಟ್ ಇತ್ತು. ನೋಟಿಸು 'ಎಸ್‌ಟಿಪಿ ಸಿಬ್ಬಂದಿ' ಅಂದಿತ್ತೇ ಹೊರತು 'ಕೆಲಸದ ಬಟ್ಟೆಯಲ್ಲಿ ಇರುವವರು' ಅಂದಿರಲಿಲ್ಲ. ಅವರು ಡ್ಯೂಟಿ ಮುಗಿಸಿ, ಇಸ್ತ್ರಿ ಅಂಗಿ ಹಾಕ್ಕೊಂಡು, ಸಂಬಳದ ಚೀಟಿ ತಗೊಳ್ಳೋಕೆ ಮೊದಲನೇ ಮಹಡಿಯ ಆಫೀಸಿಗೆ ಬಂದರೂ ಆ ಲಿಫ್ಟ್ ಅವರದಲ್ಲ. ಜಿಮ್ಮಿನಿಂದ ಬೆವರು ಸುರಿಸಿಕೊಂಡು ಬರೋ ವ್ಹೇ ಡಬ್ಬದ ಹುಡುಗರಿಗೆ ಯಾವ ನೋಟಿಸೂ ಇಲ್ಲ.

ಇದನ್ನ ಬರೀ ಲಿಫ್ಟಿನ ಜಗಳ ಅಂತ ಕೆಲವರು ಅಂದರು. ನನಗೆ ಹಾಗನ್ಸಲ್ಲ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆ ಮೇಲೆ ಮಲ ಹೊರೋ ಪದ್ಧತಿಯನ್ನ ನಿಲ್ಲಿಸಿದರು. 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯ್ತು. 2013ರಲ್ಲಿ ಸಂಸತ್ತು ಹೊಸ ಕಾಯ್ದೆ ತಂತು. ಅದಾದ ಮೇಲೂ ಮ್ಯಾನ್‌ಹೋಲಿನಲ್ಲಿ, ಎಸ್‌ಟಿಪಿ ಟ್ಯಾಂಕಿನಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ನಾವು ಓದ್ತಾನೇ ಇದ್ದೀವಿ. ತಂತ್ರಜ್ಞಾನ ಬಂದರೆ ಇದೆಲ್ಲ ತಾನಾಗೇ ಹೋಗುತ್ತೆ ಅನ್ನೋ ನಂಬಿಕೆ ನಮ್ಮಂಥ ಉದ್ಯೋಗಸ್ಥರಿಗೆ ಬಹಳ ಹಿತ. ತಲೆ ಮೇಲಿನ ಬುಟ್ಟಿ ಹೋಗಿ ಟೊಳ್ಳು ನಾರಿನ ಪೊರೆ ಬಂತು, ನಿಜ. ಬುಟ್ಟಿ ಹೊತ್ತವರನ್ನ ನೋಡ್ತಿದ್ದ ಕಣ್ಣು ಪೊರೆ ತೊಳೆಯೋರನ್ನೂ ಹಾಗೇ ನೋಡ್ತಿದೆ. ಆ ಕಣ್ಣಿಗೆ ಪೊರೆ ಬಂದಿದೆ ಅನ್ನೋಣವೇ, ಸುಮ್ಮನೆ ಒಂದು ಶ್ಲೇಷೆಗೆ.

ಬಸವೇಶ್ವರನಗರದಲ್ಲಿರೋ ನನ್ನ ಗೆಳತಿಗೆ ಇದನ್ನೆಲ್ಲ ಹೇಳಿದಾಗ ಅವಳು, "ನಮ್ಮ ಬಿಲ್ಡಿಂಗಲ್ಲೂ ಅದೇ ನೋಟಿಸ್ ಇದೆ ಕಣೇ. ಏರಿಯಾ ಹೆಸರಾದ್ರೂ ಓದ್ಕೋಬಾರ್ದಾ?" ಅಂದಳು.

ಅಸೋಸಿಯೇಷನ್ ಮೀಟಿಂಗಿನಲ್ಲಿ ನಾನು ಎರಡು ವಿಷಯ ಇಟ್ಟೆ. ಒಂದು, ನೋಟಿಸಿನ ಮಾತು ಬದಲಾಗಬೇಕು: ಕೊಳೆ ಬಟ್ಟೆಯಲ್ಲಿ ಇರೋ ಯಾರೇ ಆಗಲಿ ಸರ್ವಿಸ್ ಲಿಫ್ಟ್ ಬಳಸಲಿ, ಆ ಲಿಫ್ಟನ್ನ ಮೊದಲು ಸರಿಮಾಡಿಸಿ. ಎರಡು, ಬೇಸ್‌ಮೆಂಟಿನಲ್ಲಿ ಗೀಸರ್ ಇರೋ ಸ್ನಾನದ ಮನೆ, ಬಟ್ಟೆ ಇಡೋಕೆ ಕಪಾಟು. ಜೊತೆಗೆ, ತಿಂಗಳ ವರದಿಯಲ್ಲಿ ನಾವು ಎಷ್ಟು ಲೀಟರ್ ಮರುಬಳಸಿದೆವು ಅಂತ ಹೆಮ್ಮೆಯಿಂದ ಹಾಕ್ತೀವಲ್ಲ, ಅದರ ಕೆಳಗೆ ಎಷ್ಟು ಕೆಸರು ತೆಗೆದರು, ಯಾರು ತೆಗೆದರು, ಟ್ಯಾಂಕರ್ ಎಲ್ಲಿಗೆ ಒಯ್ತು ಅನ್ನೋ ಸಾಲೂ ಬರಲಿ ಅಂದೆ. ಕೆಸರಿನ ಸಾಲಿಗೆ ಜನ ನಕ್ಕರು. ಖಜಾಂಚಿಯವರು ಮಾತ್ರ ನಗಲಿಲ್ಲ. ಅವರು ಚಾರ್ಟರ್ಡ್ ಅಕೌಂಟೆಂಟು, ಎರಡೂ ಕಡೆ ಕೂಡಿಸಿ ತಾಳೆಯಾಗದ ಹಾಳೆ ಕಂಡರೆ ಅವರಿಗೆ ನಿದ್ದೆ ಬರಲ್ಲ. ಆ ಸಾಲು ಮುಂದಿನ ತಿಂಗಳಿಂದಲೇ ಬಂತು. ಟ್ಯಾಂಕರ್ ಎಲ್ಲಿಗೆ ಹೋಗುತ್ತೆ ಅನ್ನೋ ಕಾಲಮ್ಮಿನಲ್ಲಿ ಮೊದಲ ಮೂರು ತಿಂಗಳು 'ಹೊರಗೆ' ಅಂತ ಇತ್ತು. ಈಗ ಊರಿನ ಹೆಸರು ಬರೀತಾರೆ.

ಒಂಬತ್ತನೇ ಮಹಡಿಯವರು ಸ್ನಾನದ ಮನೆಗೆ ಕೈ ಎತ್ತಿದರು. ಇದನ್ನ ಹೇಳಲೇಬೇಕು, ಯಾಕಂದ್ರೆ ಅವರ ಭಯ ನಿಜವಾದದ್ದೇ ಆಗಿತ್ತು. ನೋಟಿಸ್ ಬದಲಾವಣೆಗೆ ಮಾತ್ರ ಮತ ಸಾಲಲಿಲ್ಲ. ಮುಂದಿನ ಸಾಮಾನ್ಯ ಸಭೆಗೆ ಅಂತ ಮುಂದೂಡಿದ್ದಾರೆ.

ಈಗ ಬೇಸ್‌ಮೆಂಟಿನಲ್ಲಿ ಟೈಲ್ಸ್ ಕೆಲಸ ಮುಗಿದಿದೆ, ಗೀಸರ್ ಇನ್ನೂ ಬಂದಿಲ್ಲ. ಮೊನ್ನೆ ಕಾರು ತೆಗೆಯೋಕೆ ಹೋದಾಗ ಆ ಅಣ್ಣ ಸಿಕ್ಕರು. ಹೊಸ ಬಾಗಿಲಿಗೆ ಚಿಲಕ ಹಾಕಿ ತೆಗೆದು ನೋಡ್ತಾ ಇದ್ದರು. "ಮೇಡಂ, ಒಂದು ಕೇಳ್ಲೇನ್ರಿ? ಇದು ನಮಗಷ್ಟ ಏನು? ಡ್ರೈವರ್ ಮಂದಿ ರಾತ್ರಿ ಕಾರಿನ್ಯಾಗ ಮಕ್ಕೊಂತಾರ್ರಿ, ಅವರೂ ಬರಬಹುದೇನು?"

ಅದು ನನಗೂ ಹೊಳೆದಿರಲಿಲ್ಲ. ಕಮಿಟಿಗೆ ಬರೆದಿದ್ದೀನಿ.